ಒಂದೇ ಬೀದಿಯಲ್ಲಿ ಬೆಳೆದವರು

‘ನಮ್ಮಿಬ್ಬರ ಬಣ್ಣ ಬೇರೆ, ನಿಜ. ಆದರೆ ಬೆಳೆದಿದ್ದು ಒಂದೇ ಬೀದಿಯಲ್ಲಿ, ಓದಿದ್ದು ಒಂದೇ ಶಾಲೆಯಲ್ಲಿ. ನಮಗೆ ಏನು ತೊಂದರೆ ಬರುತ್ತೆ ಮೇಡಂ?’

ಬೇರೆ ಬೇರೆ ಜನಾಂಗದ ಜೋಡಿಗಳು ಆಪ್ತಸಲಹೆಗೆಂದು ಬಂದು ನನ್ನ ಮುಂದೆ ಕೂತು ಈ ಮಾತನ್ನು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಈ ಒಂದು ಪ್ರಕರಣವನ್ನು ಬರೆಯಲು ಕಾರಣವಿದೆ. ಇಲ್ಲಿ ನಾನು ಕೊಟ್ಟ ಸಲಹೆಯನ್ನು ನಾನು ಗೌರವಿಸುವ ಸಹೋದ್ಯೋಗಿಯೊಬ್ಬರು ತಪ್ಪೆಂದರು. ಅವರ ಮಾತು ನನ್ನನ್ನು ಬಹಳ ದಿನ ಕಾಡಿತು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಇಬ್ಬರೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ.

ಆಕೆ ಬಿಳಿಯಳು, ಆತ ಕಪ್ಪು ಜನಾಂಗದವನು. ಆರು ವರ್ಷದ ಪ್ರೀತಿ. ಮದುವೆಯ ಮಾತು ಬಂದಾಗ ಆಕೆಯ ಮನೆಯ ಹಿರಿಯರು ‘ಹುಡುಗ ಒಳ್ಳೆಯವನೇ, ಆದರೆ ಸಂಸ್ಕೃತಿ ಹೊಂದುವುದಿಲ್ಲ’ ಎಂದರಂತೆ. ಅದನ್ನು ಸುಳ್ಳು ಮಾಡಲೆಂದೇ ಇಬ್ಬರೂ ನನ್ನಲ್ಲಿಗೆ ಬಂದಿದ್ದರು.

ಮೊದಲೆರಡು ಭೇಟಿಗಳಲ್ಲಿ ನನಗೂ ಅದು ಸುಳ್ಳೆಂದೇ ಕಂಡಿತು. ಜಗಳವಾದರೆ ಎಷ್ಟು ಹೊತ್ತು ಮಾತು ಬಿಡಬಹುದು, ನೆಂಟರ ಮನೆಗೆ ಹೇಳದೆ ಹೋಗಬಹುದೇ, ದುಡ್ಡಿನ ವಿಚಾರ ಯಾರ ಎದುರು ಎತ್ತಬಾರದು, ವಯಸ್ಸಾದ ತಂದೆತಾಯಿ ಯಾರ ಜವಾಬ್ದಾರಿ? ಸಂಸಾರದಲ್ಲಿ ಸಂಸ್ಕೃತಿ ಅಡಗಿರುವುದು ಇಂಥ ಕಡೆಗಳಲ್ಲಿ, ಯಾರೂ ಬಾಯಿಬಿಟ್ಟು ಹೇಳಿಕೊಡದ ರೂಢಿಗಳಲ್ಲಿ. ಇವರ ಉತ್ತರಗಳು ಹೆಚ್ಚುಕಡಿಮೆ ಒಂದೇ ಆಗಿದ್ದವು. ಒಂದೇ ಜನಾಂಗದವರಾಗಿದ್ದೂ ಈ ಪ್ರಶ್ನೆಗಳಲ್ಲಿ ಒಬ್ಬರಿಗೊಬ್ಬರು ಅರ್ಥವಾಗದೆ ಒದ್ದಾಡುವ ದಂಪತಿಗಳನ್ನು ನಾನು ವಾರವಾರವೂ ನೋಡುತ್ತೇನೆ. ಹಾಗಾಗಿ, ಹಿರಿಯರ ಆಕ್ಷೇಪಕ್ಕೆ ಆಧಾರವಿಲ್ಲ ಎಂದು ನೇರವಾಗಿಯೇ ಹೇಳಿದೆ.

ಮೂರನೇ ಭೇಟಿಯಲ್ಲಿ ಆಕೆ ಅವನ ಕೈ ಹಿಡಿದುಕೊಂಡು ತುಂಬಾ ಪ್ರೀತಿಯಿಂದ ಒಂದು ಮಾತು ಆಡಿದಳು. ‘ನೀನು ಬೇರೆಯವನು ಅಂತ ನನಗೆ ಯಾವತ್ತೂ ಅನ್ನಿಸಿಯೇ ಇಲ್ಲ. ನನ್ನ ಕಣ್ಣಿಗೆ ನಿನ್ನ ಬಣ್ಣ ಕಾಣೋದೇ ಇಲ್ಲ.’

ಅವನ ಮುಖದಲ್ಲಿದ್ದ ನಗು ಆರಿತು. ಕೈ ಬಿಡಿಸಿಕೊಳ್ಳಲಿಲ್ಲ, ಆದರೆ ಬೆರಳುಗಳು ಸಡಿಲವಾದದ್ದು ನನಗೆ ಕಾಣಿಸಿತು. ‘ಏನನ್ನಿಸಿತು?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳ ಕಡೆ ತಿರುಗಿದ.

‘ಅಂಗಡಿಯಿಂದ ಹೊರಗೆ ಬರುವಾಗ ನಾನು ಬಿಲ್ ಯಾಕೆ ಕೈಯಲ್ಲೇ ಹಿಡಿದಿರ್ತೀನಿ, ಗೊತ್ತಾ?’

‘ಲೆಕ್ಕ ಬರೆಯೋಕೆ. ನಿನಗೆ ಮೊದಲಿಂದ್ಲೂ ಲೆಕ್ಕದ ಹುಚ್ಚು’ ಎಂದು ಆಕೆ ನಕ್ಕಳು.

‘ಏಳು ವರ್ಷದವನಿದ್ದಾಗ ಅಮ್ಮ ಕಲಿಸಿದ್ದು. ಅಂಗಡಿಯೊಳಗೆ ಜೇಬಿಗೆ ಕೈ ಹಾಕಬೇಡ. ಕೊಳ್ಳದ ವಸ್ತು ಮುಟ್ಟಬೇಡ. ಓಡಬೇಡ. ಬೀದಿ ತಿರುಗೋವರೆಗೂ ಬಿಲ್ ಎಲ್ಲರಿಗೂ ಕಾಣೋ ಹಾಗೆ ಕೈಯಲ್ಲಿರಲಿ. ಒಂದು ಸಲ ಮರೆತಿದ್ದೆ. ಚೀಲವನ್ನೆಲ್ಲ ನೆಲಕ್ಕೆ ಸುರಿಸಿ ನೋಡಿದ್ರು.’

‘ಯಾವ ಅಂಗಡಿ?’

‘ನಮ್ಮ ಬೀದಿ ಮೂಲೇದು.’

ಆಕೆ ದಿನಾ ಶಾಲೆ ಬಿಟ್ಟ ಮೇಲೆ ಓಡಿ ನುಗ್ಗುತ್ತಿದ್ದ ಅಂಗಡಿ ಅದು. ಕೈಯಲ್ಲಿ ದುಡ್ಡಿಲ್ಲದಿದ್ದರೆ ‘ನಾಳೆ ಕೊಡು ಪುಟ್ಟಿ’ ಎನ್ನುತ್ತಿದ್ದರಂತೆ. ಆರು ವರ್ಷಗಳಿಂದ ಅವನ ಕೈಯಲ್ಲಿದ್ದ ಆ ಚೀಟಿಯನ್ನು ಆಕೆ ನೋಡುತ್ತಲೇ ಬಂದಿದ್ದಳು. ಅವತ್ತು ಮತ್ತೆ ಮಾತಾಡಲಿಲ್ಲ, ಅತ್ತಳು. ನಾನೂ ಅಳಲು ಬಿಟ್ಟೆ.

ಮಕ್ಕಳಿಗೆ ಜಗತ್ತು ತೋರಿಸಲಿರುವ ಪಕ್ಷಪಾತವನ್ನು ಎದುರಿಸಲು ಹೆತ್ತವರು ಮೊದಲೇ ತಯಾರು ಮಾಡುವುದನ್ನು ಮನಶ್ಶಾಸ್ತ್ರದಲ್ಲಿ ಜನಾಂಗೀಯ ಸಾಮಾಜೀಕರಣದ ಒಂದು ಭಾಗವೆಂದು ಅಧ್ಯಯನ ಮಾಡುತ್ತಾರೆ. ಆ ಪಾಠದ ಅಗತ್ಯವೇ ಬೀಳದ ಮನೆಯ ಮಗುವಿಗೆ ಪಕ್ಕದ ಮನೆಯಲ್ಲಿ ಅದು ನಡೆಯುತ್ತಿದೆ ಎಂಬುದೂ ತಿಳಿದಿರುವುದಿಲ್ಲ. ಒಂದೇ ಬೀದಿ ಇಬ್ಬರನ್ನು ಎರಡು ರೀತಿ ಬೆಳೆಸಿರುತ್ತದೆ.

ಜೊತೆಗೆ ಬೆಳೆದದ್ದೇ ಸಾಕು ಎನ್ನುವವರಿಗೆ ನಾನು ರಿಚರ್ಡ್ ಮತ್ತು ಮಿಲ್ಡ್ರೆಡ್ ಲವಿಂಗ್ ದಂಪತಿಯನ್ನು ನೆನಪಿಸುತ್ತೇನೆ. ಅಮೆರಿಕದ ವರ್ಜೀನಿಯಾದಲ್ಲಿ ಒಂದೇ ಸೀಮೆಯಲ್ಲಿ ಬೆಳೆದವರು ಅವರು. ಅವನು ಬಿಳಿಯ, ಅವಳು ಬಿಳಿಯಳಲ್ಲ. ಅಂಥ ಮದುವೆ ಆ ರಾಜ್ಯದಲ್ಲಿ ಅಪರಾಧವಾಗಿತ್ತು. 1958ರಲ್ಲಿ ರಾಜಧಾನಿ ವಾಷಿಂಗ್ಟನ್‌ಗೆ ಹೋಗಿ ಮದುವೆಯಾಗಿ ಊರಿಗೆ ಮರಳಿದರು. ಕೆಲವೇ ವಾರಗಳಲ್ಲಿ, ರಾತ್ರಿ ಮಲಗಿದ್ದಾಗ ಪೊಲೀಸರು ಬಂದು ಬಂಧಿಸಿದರು. ಒಂದು ವರ್ಷದ ಸೆರೆವಾಸವನ್ನು ಅಮಾನತಿನಲ್ಲಿಟ್ಟ ನ್ಯಾಯಾಲಯ, 25 ವರ್ಷ ಜೊತೆಯಾಗಿ ರಾಜ್ಯಕ್ಕೆ ಬರಬಾರದೆಂದು ಷರತ್ತು ಹಾಕಿತು. 1967ರ ಜೂನ್ 12ರಂದು ಅಲ್ಲಿನ ಸುಪ್ರೀಂ ಕೋರ್ಟ್ ಅಂಥ ಕಾನೂನುಗಳನ್ನೆಲ್ಲ ರದ್ದು ಮಾಡುವಾಗಲೂ 16 ರಾಜ್ಯಗಳಲ್ಲಿ ಅವು ಜಾರಿಯಲ್ಲಿದ್ದವು. ಊರು, ಮಾತು, ರೂಢಿ ಎಲ್ಲ ಒಂದೇ ಆಗಿದ್ದವರ ನಡುವೆ ಗೋಡೆ ಎಬ್ಬಿಸಿದ್ದು ಹೊರಗಿನವರು. ಕಾನೂನು ಹೋಯಿತು. ಅಂಗಡಿಯವನ ನೋಟ ಇನ್ನೂ ಹೋಗಿಲ್ಲ.

ಆಕೆಗೆ ನಾನು ಹೇಳಿದ್ದಿಷ್ಟು: ‘ಬಣ್ಣ ಕಾಣುವುದಿಲ್ಲ’ ಎಂಬ ಮಾತನ್ನು ಬಿಟ್ಟುಬಿಡಿ. ನೀವು ಅದನ್ನು ಪ್ರೀತಿಯಿಂದಲೇ ಹೇಳುತ್ತೀರಿ, ಆದರೆ ಅವನಿಗೆ ‘ನಿನಗಾದದ್ದು ನನಗೆ ಕಾಣುವುದಿಲ್ಲ’ ಎಂದು ಕೇಳಿಸುತ್ತದೆ. ಅವನು ಏನಾದರೂ ಹೇಳಿಕೊಂಡಾಗ ‘ಅವರು ಹಾಗೆ ಅಂದುಕೊಂಡಿರಲಿಕ್ಕಿಲ್ಲ’ ಎಂದು ಸಮಾಧಾನ ಮಾಡಬೇಡಿ, ಪೂರ್ತಿ ಕೇಳಿ. ಬೀದಿಯಲ್ಲಿ ಅವಮಾನವಾದಾಗ ಮಾತಾಡಬೇಕೋ ಸುಮ್ಮನೆ ಹೊರಟುಬಿಡಬೇಕೋ ಎಂಬುದನ್ನು ಅವನು ನಿರ್ಧರಿಸಲಿ, ಯಾಕೆಂದರೆ ನಿಮ್ಮ ಸಿಟ್ಟಿನ ಬೆಲೆ ತೆರುವವನು ಅವನು. ಅವನಿಗೂ ಹೇಳಿದೆ: ಅವಳಿಗೆ ನೋವಾಗುತ್ತದೆಂದು ಆರು ವರ್ಷ ಮುಚ್ಚಿಟ್ಟಿರಿ. ವಾರಕ್ಕೊಂದಾದರೂ ಹೇಳಿ, ಆ ಹೊತ್ತಿಗೆ ಆದದ್ದನ್ನು ಆ ಹೊತ್ತಿಗೇ ಹೇಳಿ.

‘ಸುಖವಾಗಿದ್ದವರ ನಡುವೆ ನೀವೇ ಗೆರೆ ಎಳೆದಿರಿ’ ಎಂದರು ಸಹೋದ್ಯೋಗಿ. ವಿಷಯ ತಿಳಿದ ಆಕೆಯ ಹಿರಿಯರೂ ‘ನಾವು ಹೇಳಿದ್ದೇ ಆಯಿತಲ್ಲ’ ಎಂದರಂತೆ. ಹೆಚ್ಚು ಚುಚ್ಚಿದ್ದು ಅದು. ನನ್ನ ಮಾತು ಅವರ ಕೈಗೆ ಕೋಲಾಯಿತಲ್ಲ ಎಂದು ಸಂಕಟಪಟ್ಟೆ. ಆದರೂ ಸಲಹೆಯನ್ನು ಹಿಂತೆಗೆದುಕೊಳ್ಳಲಾರೆ. ಹಿರಿಯರು ಹುಡುಗನ ಮನೆಯಲ್ಲಿ ಕೊರತೆ ಹುಡುಕಿದರು. ನಾನು ತೋರಿಸಿದ್ದು, ಆ ಮನೆಯ ಮಗುವನ್ನು ಬೀದಿ ನಡೆಸಿಕೊಂಡ ರೀತಿಯನ್ನು. ಗೆರೆ ಏಳು ವರ್ಷದ ಹುಡುಗನ ಕೈಯಲ್ಲಿ ಮೊದಲೇ ಇತ್ತು. ಮದುವೆಯಾಗಿ ಹತ್ತು ವರ್ಷದ ಮೇಲೆ, ಯಾವುದೋ ಜಗಳದ ನಡುವೆ ಅದು ಹೊರಬೀಳುವುದಕ್ಕಿಂತ ನನ್ನ ಕೋಣೆಯಲ್ಲಿ, ಇಬ್ಬರೂ ಕೈ ಹಿಡಿದು ಕೂತಿದ್ದಾಗ ಹೊರಬಿದ್ದದ್ದು ಒಳ್ಳೆಯದಾಯಿತು ಎಂದೇ ನಂಬಿದ್ದೇನೆ.

ಅವರು ಬೇರೆಯಾಗಲಿಲ್ಲ, ಮದುವೆಯ ದಿನವನ್ನೂ ಇನ್ನೂ ಗೊತ್ತು ಮಾಡಿಲ್ಲ. ಹೋದ ಸಲ ಬಂದಾಗ ಹುಟ್ಟಲಿರುವ ಮಕ್ಕಳ ಮಾತು ಎತ್ತಿದರು. ಅಂಗಡಿಯಲ್ಲಿ ಬಿಲ್ ಕೈಯಲ್ಲಿ ಹಿಡಿಯುವುದನ್ನು ಮಗುವಿಗೆ ಕಲಿಸಲೇಬೇಕು ಎನ್ನುತ್ತಾನೆ ಆತ. ಅಷ್ಟು ಚಿಕ್ಕ ವಯಸ್ಸಿಗೆ ಆ ಭಯ ಬೇಡ ಎನ್ನುತ್ತಾಳೆ ಆಕೆ. ಒಂದು ಗಂಟೆ ವಾದಿಸಿದರೂ ಯಾರೂ ಒಪ್ಪಲಿಲ್ಲ. ಅದನ್ನೇ ಮುಂದುವರಿಸಲು ಮುಂದಿನ ವಾರಕ್ಕೂ ಸಮಯ ಕೇಳಿ ಹೋಗಿದ್ದಾರೆ.