ಸಾವಯವ ಅಂತ ಬರೆದ ಗೋಧಿಯಲ್ಲಿ ನಿಜಕ್ಕೂ ಸತ್ವ ಜಾಸ್ತಿ ಇರುತ್ತಾ?

ನೀವು ಕೇಳಿರೋದು ಎರಡು ವಿಷಯ. ಒಂದೇ ಅಂಗಡಿಯ ಗೋಧಿ ತಂದರೂ ಚಪಾತಿ ಒಂದು ತಿಂಗಳು ಮೆತ್ತಗೆ, ಇನ್ನೊಂದು ತಿಂಗಳು ಹಪ್ಪಳ ಯಾಕೆ? ದುಪ್ಪಟ್ಟು ದುಡ್ಡು ಕೊಟ್ಟು ಸಾವಯವ ತಂದರೆ ಪೌಷ್ಟಿಕಾಂಶ ಹೆಚ್ಚು ಸಿಗುತ್ತಾ? ನಾನಿರೋದು ರಾಜಾಜಿನಗರದಲ್ಲಿ, ಹೊಲ ಇರೋದು ನವಲಗುಂದದ ಕಡೆ. ಕಾಕಾ ಈಗಲೂ ಹಿಂಗಾರಿಗೆ ಗೋಧಿ ಬಿತ್ತುತ್ತಾರೆ.

ಮೊದಲನೆಯದಕ್ಕೆ ಉತ್ತರ ಸುಲಭ. ಬೆಂಗಳೂರಿನ ಅಂಗಡಿಗೆ ಒಂದು ಸಲ ಮಧ್ಯಪ್ರದೇಶದ ಮೂಟೆ ಬರುತ್ತೆ, ಇನ್ನೊಂದು ಸಲ ಬೇರೆ ಕಡೆಯದು. ಮಿಲ್ಲಿಗೆ ಕೊಡೋ ಮುಂಚೆ ಹತ್ತು ಕಾಳನ್ನು ಬ್ಲೇಡಿನಿಂದ ಅಡ್ಡ ಕತ್ತರಿಸಿ ನೋಡಿ. ಒಳಗೆ ಗಾಜಿನ ಹಾಗಿದ್ದರೆ ಸಾಮಾನ್ಯವಾಗಿ ಪ್ರೋಟೀನ್ ಚೆನ್ನಾಗಿರುತ್ತೆ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಪಿಷ್ಟವೇ ಹೆಚ್ಚು. ಒಂದು ಚಿಟಿಕೆ ಬಾಯಿಗೆ ಹಾಕಿ ಅಗೀರಿ: ಪಿಷ್ಟ ಕರಗಿ ಹೋಗಿ ಕೊನೆಗೆ ಅಂಟು ಉಳಿಯುತ್ತೆ, ಅದೇ ಗ್ಲುಟೆನ್, ಚಪಾತಿ ಮೆತ್ತಗೆ ಬರೋಕೆ ಬೇಕಾದ ಪ್ರೋಟೀನ್. ಕಣದಲ್ಲಿ ರಾಶಿ ನಡೀತಿದ್ದಾಗ ನಮಗೆ ಅದೇ ಬಬಲ್ ಗಮ್.

ಆ ಅಂಟು ಬರೋದು ಸಾರಜನಕದಿಂದ. ಗಿಡ ಹೂ ಬಿಡೋ ಮುಂಚೆಯೇ ಅದನ್ನು ಎಲೆ, ಕಾಂಡದಲ್ಲಿ ಕೂಡಿಟ್ಟುಕೊಂಡು, ಎಲೆ ಹಣ್ಣಾಗುವಾಗ ಕಾಳಿಗೆ ಇಳಿಸುತ್ತೆ. ಬಿತ್ತುವಾಗಲೇ ಯೂರಿಯಾ ಎಲ್ಲ ಸುರಿದರೆ ಹುಲ್ಲು ಸೊಂಪು, ಇಳುವರಿಯೂ ಬರಬಹುದು. ತೆನೆ ಹೊತ್ತಿಗೆ ಸ್ವಲ್ಪ ಕೊಟ್ಟರೆ ಇಳುವರಿ ಅಷ್ಟೇನೂ ಏರಲ್ಲ, ಪ್ರೋಟೀನ್ ಏರುತ್ತೆ. ಆದರೆ ಎಪಿಎಂಸಿಯಲ್ಲಿ ದುಡ್ಡು ತೂಕಕ್ಕೆ, ಅಂಟಿಗಲ್ಲ. ಕಾಕಾ ಯಾಕೆ ಆ ಖರ್ಚು ಮಾಡಬೇಕು?

ನೀರಿನ ಕತೆಯೂ ಹೀಗೇ. ನೀರಾವರಿ ಗೋಧಿಯ ಕಾಳು ದಪ್ಪ, ತೂಕ ಹೆಚ್ಚು, ಆದರೆ ಗೊಬ್ಬರ ಅದಕ್ಕೆ ತಕ್ಕಂತೆ ಸಿಗದಿದ್ದರೆ ಪ್ರೋಟೀನ್ ತೆಳುವಾಗುತ್ತೆ. ಎರೆಹೊಲದ ತೇವದಲ್ಲೇ ಬಂದ ಕಾಳು ಸಣ್ಣದು, ಗಟ್ಟಿ. ಇನ್ನು ಕಾಳು ತುಂಬುವಾಗ ಬಿಸಿಲು ಏರಿದರೆ ಸುಕ್ಕಾಗುತ್ತೆ. ಶೇಕಡಾವಾರು ಲೆಕ್ಕದಲ್ಲಿ ಪ್ರೋಟೀನ್ ಜಾಸ್ತಿ ಕಾಣುತ್ತೆ, ಹಿಟ್ಟು ಮಾತ್ರ ಕಡಿಮೆ.

ಸತುವಿನ (ಜಿಂಕ್) ವಿಷಯಕ್ಕೆ ಬಂದರೆ, ರಂಜಕದ (ಫಾಸ್ಫರಸ್) ಗೊಬ್ಬರ ಮಿತಿಮೀರಿದರೆ ಗಿಡ ಸತುವನ್ನು ಸರಿಯಾಗಿ ಹೀರಿಕೊಳ್ಳಲ್ಲ, ಬೇರಿಗೆ ನೆರವಾಗೋ ಶಿಲೀಂಧ್ರವೂ ಕಡಿಮೆಯಾಗುತ್ತೆ. ಸುಣ್ಣದಂಶದ ಮಣ್ಣಲ್ಲಿ ಸತು ಇದ್ದರೂ ಸಿಗಲ್ಲ. ಕಾಳು ಹಾಲುಗಟ್ಟುವಾಗ ಲೀಟರಿಗೆ 5 ಗ್ರಾಂ ಸತುವಿನ ಸಲ್ಫೇಟ್ ಕರಗಿಸಿ ಎಲೆಗೆ ಸಿಂಪಡಿಸಿದರೆ ಕಾಳಿನ ಸತು ಏರುತ್ತೆ; ಮಣ್ಣಿಗೆ ಹಾಕಿದ್ದು ಕಾಳಿಗೆ ಅಷ್ಟು ಮುಟ್ಟಲ್ಲ. ತಳಿಯೂ ಲೆಕ್ಕಕ್ಕೆ ಬರುತ್ತೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1843ರಿಂದ ಒಂದೇ ಹೊಲದಲ್ಲಿ ಗೋಧಿ ಪ್ರಯೋಗ ನಡೀತಿದೆ. ಅಲ್ಲಿ ಕೂಡಿಟ್ಟ ಹಳೇ ಕಾಳುಗಳನ್ನು ಪರೀಕ್ಷಿಸಿದಾಗ, 1960ರ ದಶಕದ ನಂತರ ಗಿಡ್ಡ ತಳಿಗಳು ಬಂದ ಮೇಲೆ ಸತು, ಕಬ್ಬಿಣ ಇಳಿದಿದ್ದು ಕಂಡಿತು. ಮಣ್ಣಲ್ಲಿ ಅವು ಕಡಿಮೆಯಾಗಿರಲಿಲ್ಲ.

ಇನ್ನು ಸಾವಯವ. ಕೊಟ್ಟಿಗೆ ಗೊಬ್ಬರ ನಿಧಾನ, ತೆನೆ ಹೊತ್ತಿಗೆ ಬೇಕಾದಷ್ಟು ಸಾರಜನಕ ಕೊಡದೆ ಹೋಗಬಹುದು. ಹಾಗಾಗಿ ಪ್ರೋಟೀನ್ ಎಷ್ಟೋ ಸಲ ಕಡಿಮೆಯೇ. ಸತು ಮಾತ್ರ ಕೆಲವೊಮ್ಮೆ ತುಸು ಮೇಲು. ವಿಷ ಸಿಂಪಡಣೆ ಬೇಡ ಅನ್ನೋದಕ್ಕೆ ತಗೊಳ್ಳಿ, ಸತ್ವಕ್ಕೆ ಅಂತ ದುಪ್ಪಟ್ಟು ಕೊಡಬೇಡಿ. ನಾನಂತೂ ಅಂಗಡಿಯವರನ್ನು ಕೇಳೋದು ಇಷ್ಟೇ: ಮಳೆಯಾಶ್ರಿತವಾ, ನೀರಾವರಿಯಾ? ಹಿಂದಿನ ಸಲದ ಮೂಟೆಯೇನಾ?

ಅಂದ ಹಾಗೆ ಹಿಟ್ಟನ್ನು ಸಣ್ಣ ಜರಡಿ ಹಿಡೀಬೇಡಿ. ಕಾಳಿನ ಸತು, ಕಬ್ಬಿಣದ ಹೆಚ್ಚಿನ ಪಾಲು ಹೊರಪದರದಲ್ಲೇ ಇರೋದು, ನಮ್ಮೂರಲ್ಲಿ ಅದನ್ನೇ ಬೂಸಾ ಅಂತ ಎಮ್ಮೆಗೆ ಹಾಕ್ತೀವಿ.