ಪ್ಲೇಟ್‌ಲೆಟ್ ಕೊಡುವಾಗ ನೋವಾಗುತ್ತಾ? ಪದೇ ಪದೇ ಕೊಟ್ಟರೆ ಸುಸ್ತಾಗಲ್ವಾ?

ನೀವು ಸಿದ್ದಾಪುರದವರು, ರಕ್ತ ಎರಡು ಸಲ ಕೊಟ್ಟಿದ್ದೀರಿ, ಆದರೆ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣ, ಕೊಡೋಕೆ ಭಯ ಅಂತ ಬರೆದಿದ್ದೀರಿ. ನಾನು ಶಿರಸಿಯವನು. ಇದುವರೆಗೆ 31 ಸಲ ಕೊಟ್ಟಿದ್ದೇನೆ. ನೋವು ಅಂದರೆ ಸೂಜಿ ಚುಚ್ಚಿದಾಗ ಆಗುವಷ್ಟೇ. ಸುಸ್ತು, ರಕ್ತ ಕೊಟ್ಟಾಗ ಆಗುವುದಕ್ಕಿಂತ ಕಡಿಮೆ. ಯಂತ್ರ ಪ್ಲೇಟ್‌ಲೆಟ್ ಬೇರೆ ಮಾಡಿಕೊಂಡಮೇಲೆ ಕೆಂಪು ರಕ್ತಕಣ ಹೆಚ್ಚುಕಡಿಮೆ ಪೂರ್ತಿ ಮೈಗೆ ವಾಪಸ್ ಬರುತ್ತದಲ್ಲ, ಅದಕ್ಕೆ. ನಮ್ಮ ಕಡೆಯವರಿಗೆ ನಿಜವಾದ ಕಷ್ಟ ದಾರಿಯದ್ದು.

ನನಗೆ ಇದು ಶುರುವಾಗಿದ್ದು ಪಕ್ಕದ ಮನೆ ಕೂಸಿಗೆ ರಕ್ತದ ಕ್ಯಾನ್ಸರ್ ಬಂದಾಗ. ಆಗ ಅವಳಿಗೆ ಒಂಬತ್ತು ವರ್ಷ. ಹುಬ್ಬಳ್ಳಿಯಲ್ಲಿ ಕೀಮೋ ನಡೆಯುತ್ತಿತ್ತು. ಕೀಮೋ ಆದಮೇಲೆ ಪ್ಲೇಟ್‌ಲೆಟ್ ತೀರಾ ಇಳಿದುಬಿಡುತ್ತಿತ್ತು. ಹಲ್ಲುಜ್ಜಿದರೆ ಒಸಡಿನ ರಕ್ತ ನಿಲ್ಲುತ್ತಿರಲಿಲ್ಲ. ಕಾಲಿನ ಮೇಲೆಲ್ಲ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ. ಒಂದು ರಾತ್ರಿ ಅವಳ ಅಪ್ಪ ಫೋನ್ ಮಾಡಿ, "ತಮಾ, ನಾಳೆ ಬರಲಾಗ್ತದಾ?" ಅಂದರು. ಅಷ್ಟೇ ಕೇಳಿದ್ದು.

ಅಲ್ಲಿ ಹೋದಮೇಲೆ ತಿಳಿಯಿತು, ತೆಗೆದ ಪ್ಲೇಟ್‌ಲೆಟ್ ಐದೇ ದಿನ ಇಡಬಹುದಂತೆ. ಕೆಂಪು ರಕ್ತವನ್ನು ಫ್ರಿಜ್‌ನಲ್ಲಿ ತಿಂಗಳ ಮೇಲೂ ಇಡುತ್ತಾರೆ. ಇದನ್ನು ಫ್ರಿಜ್‌ನಲ್ಲಿ ಇಡುವುದಿಲ್ಲ, 20ರಿಂದ 24 ಡಿಗ್ರಿಯಲ್ಲಿ ಸದಾ ಅಲುಗಾಡಿಸುತ್ತಾ ಇಡಬೇಕು. ಹಬ್ಬಕ್ಕೆ, ಮಳೆಗೆ ಅಂತ ನಾಲ್ಕು ದಿನ ಯಾರೂ ಬರದಿದ್ದರೆ ಚೀಲ ಖಾಲಿ. ಅದಕ್ಕೇ ನಾನು ಫೋನ್ ಬರಲಿ ಅಂತ ಕಾಯೋದಿಲ್ಲ. ಎರಡನೇ ಶನಿವಾರ ರಜೆ. ಬೆಳಿಗ್ಗೆ ಆರರ ಬಸ್ಸು ಹತ್ತಿ ಮುಂಡಗೋಡ, ತಡಸ ದಾಟಿ ಹುಬ್ಬಳ್ಳಿಗೆ ಹೋಗಿಬಿಡುತ್ತೇನೆ.

ಮೊದಲು ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡುತ್ತಾರೆ, ಪ್ಲೇಟ್‌ಲೆಟ್ ಎಣಿಕೆ ಮಾಡುತ್ತಾರೆ. ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಇರಬೇಕು. ತೂಕ ಕನಿಷ್ಠ 50 ಕೆಜಿ ಇರಬೇಕು. ಆಮೇಲೆ ಕುರ್ಚಿ ಮೇಲೆ ಒರಗಿಸಿ ತೋಳಿಗೆ ಸೂಜಿ. ರಕ್ತ ಯಂತ್ರದೊಳಗೆ ಹೋಗಿ ಗಿರಗಿರ ತಿರುಗುತ್ತದೆ, ಪ್ಲೇಟ್‌ಲೆಟ್ ಬೇರೆಯಾಗುತ್ತದೆ, ಉಳಿದದ್ದು ವಾಪಸ್ ಬರುತ್ತದೆ. ವಾಪಸ್ ಬರುವಾಗ ತೋಳೊಳಗೆ ತಣ್ಣಗೆ ಹರಿದ ಹಾಗೆ. ಸ್ವಲ್ಪ ಹೊತ್ತಿಗೆ ತುಟಿಯ ಸುತ್ತ ಜುಮುಜುಮು ಅನ್ನುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಸೇರಿಸುವ ಸಿಟ್ರೇಟ್, ಮೈಯ ಕ್ಯಾಲ್ಸಿಯಂ ಹಿಡಿದುಕೊಳ್ಳುವುದರಿಂದ ಹೀಗೆ. ಸಿಸ್ಟರ್‌ಗೆ ತಕ್ಷಣ ಹೇಳಿ, ಸುಮ್ನೆ ಸಹಿಸಿಕೊಂಡು ಕೂರಬೇಡಿ. ವೇಗ ಕಡಿಮೆ ಮಾಡಿ ಕ್ಯಾಲ್ಸಿಯಂ ಮಾತ್ರೆ ಕೊಡುತ್ತಾರೆ. ಒಟ್ಟು ಒಂದರಿಂದ ಒಂದೂವರೆ ತಾಸು.

ಚೀಲ ತುಂಬುವುದನ್ನು ನೋಡಿ. ಕೆಂಪಲ್ಲ, ತಿಳಿ ಹಳದಿ, ಆಲೆಮನೆಯಲ್ಲಿ ಸೋಸಿದ ಕಬ್ಬಿನ ಹಾಲಿನ ಹಾಗೆ ತುಸು ಮಬ್ಬು. ಸಿಸ್ಟರ್ ಅದನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಅಲುಗಿಸಿದರೆ ಒಳಗೆ ಹೊಗೆ ಸುತ್ತಿದ ಹಾಗೆ ಮಿನುಗುತ್ತದೆ. ಹಾಗೆ ಮಿನುಗಿದರೆ ಕಣಗಳು ಚೆನ್ನಾಗಿವೆ ಅಂತ ಅರ್ಥ. 31 ಸಲವೂ ನಾನು ಅದನ್ನು ತೋರಿಸಿ ಅಂತ ಕೇಳಿದ್ದೇನೆ.

ಒಂದು ಸಲ ಮಾತ್ರ ವಾಪಸ್ ಕಳಿಸಿದರು. ಹಿಂದಿನ ದಿನ ತಲೆನೋವಿಗೆ ಆಸ್ಪಿರಿನ್ ನುಂಗಿದ್ದೆ. ಅದು ಪ್ಲೇಟ್‌ಲೆಟ್ ಒಂದಕ್ಕೊಂದು ಅಂಟದ ಹಾಗೆ ಮಾಡುತ್ತದೆ, ಕೊಟ್ಟರೂ ಉಪಯೋಗವಿಲ್ಲ. ಹೊರಗೆ ಬೆಂಚಿನ ಮೇಲೆ ರೋಗಿಯ ಅಣ್ಣ ಕಾಯುತ್ತಿದ್ದ. ಅವನಿಗೆ ಹೇಳುವಾಗ ಬಹಳ ಬೇಜಾರಾಯಿತು. ಕನಿಷ್ಠ ಮೂರು ದಿನ ಮೊದಲಿಂದ ಅಂಥ ಮಾತ್ರೆ ಬೇಡ. ಬೆಳಿಗ್ಗೆ ಇಡ್ಲಿ, ಅವಲಕ್ಕಿ ತಿಂದು ಹೋಗಿ, ಪೂರಿ ಬೇಡ. ಎಣ್ಣೆ ಜಾಸ್ತಿಯಾದರೆ ಪ್ಲಾಸ್ಮಾ, ಅಂದರೆ ರಕ್ತದ ನೀರಿನಂಥ ಭಾಗ, ಹಾಲಿನಂತಾಗುತ್ತದೆ.

ಪದೇ ಪದೇ ಕೊಡಬಹುದಾ ಅಂದಿರಲ್ಲ, ನಿಯಮವೇ ಇದೆ: ನಡುವೆ ಕನಿಷ್ಠ 48 ಗಂಟೆ, ವಾರಕ್ಕೆ ಎರಡಕ್ಕಿಂತ ಜಾಸ್ತಿ ಇಲ್ಲ, ವರ್ಷಕ್ಕೆ 24. ತಿಂಗಳಿಗೊಂದು ನನ್ನ ಲೆಕ್ಕ. ಮಳೆಗಾಲದಲ್ಲಿ ಡೆಂಗ್ಯೂ ಅಂತ ಗಾಬರಿಯ ಫೋನ್ ಬರುತ್ತವೆ. ಸಂಖ್ಯೆ ಇಳಿದ ಮಾತ್ರಕ್ಕೆ ಎಲ್ಲರಿಗೂ ಪ್ಲೇಟ್‌ಲೆಟ್ ಏರಿಸಬೇಕಾಗಿಲ್ಲ, ಅದು ಡಾಕ್ಟರ್ ಹೇಳಬೇಕಾದ ಮಾತು. ಕ್ಯಾನ್ಸರ್ ವಾರ್ಡಿನವರಿಗಾದರೆ ವರ್ಷವಿಡೀ ಬೇಕು.

ಪಕ್ಕದ ಮನೆ ಕೂಸು ಈಗ ಏಳನೇ ಕ್ಲಾಸು. ಮೊದಲ ಸಲ ಒಬ್ಬರೇ ಹೋಗಲು ಅಂಜಿಕೆ ಆದರೆ ಹಿಂದಿನ ಸಂಜೆಯೇ ಶಿರಸಿಗೆ ಬನ್ನಿ, ನಮ್ಮನೆಯಲ್ಲೇ ಉಳಿಯಿರಿ. ಬೆಳಿಗ್ಗೆ ಜೊತೆಗೇ ಹೋಗೋಣ.