ಮೊದಲ ಸೂಜಿ ಆಯ್ತು, ಎರಡನೆಯದು ನಿಂತಿತು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದ ಕುಟುಂಬ. ಗಂಡ ಹೆಂಡತಿ ಇಬ್ಬರೂ ದಿನಗೂಲಿಗೆ ಹೋಗುತ್ತಾರೆ, ಅತ್ತೆ ಶೆಡ್ಡಿನಲ್ಲಿ ಕೂಸನ್ನು ನೋಡಿಕೊಳ್ಳುತ್ತಾರೆ. ಕೂಸಿಗೆ ಎಂಟು ತಿಂಗಳು, ತೂಕ 7 ಕೆಜಿ. ಹೆರಿಗೆ ತವರಿನಲ್ಲಿ ಆಗಿತ್ತು. ಹುಟ್ಟಿದಾಗ ಕೊಡುವ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ ಮತ್ತು ಆರನೇ ವಾರದ ಲಸಿಕೆಗಳು ಅಲ್ಲೇ ಆಗಿವೆ. ಹತ್ತನೇ ಮತ್ತು ಹದಿನಾಲ್ಕನೇ ವಾರದವು ಆಗಿಲ್ಲ. ಆಶಾ ಕಾರ್ಯಕರ್ತೆ ಮೂರು ಸಲ ಬಂದು, ಕೊನೆಗೆ "ಲಸಿಕೆ ನಿರಾಕರಣೆ" ಎಂದು ಬರೆದು ಆಪ್ತಸಲಹೆಗೆ ಕಳಿಸಿದ್ದರು.

ಆ ಮಾತೇ ದಾರಿ ತಪ್ಪಿಸುವಂಥದ್ದು. ಲಸಿಕೆಯೇ ಬೇಡ ಎನ್ನುವ ಮನೆಯವರು ಮೊದಲನೆಯದನ್ನೂ ಹಾಕಿಸುತ್ತಿರಲಿಲ್ಲ. ಹಾಕಿಸಿ ನಿಲ್ಲಿಸಿದ್ದಾರೆಂದರೆ ನಡುವೆ ಏನೋ ಆಗಿದೆ. ಹಾಗಾಗಿ "ಯಾಕೆ ಹಾಕಿಸಲಿಲ್ಲ" ಎಂದು ಕೇಳದೆ, "ಸೂಜಿ ಹಾಕಿಸಿದ ರಾತ್ರಿ ಕೂಸು ಹೆಂಗಿತ್ತವ್ವಾ?" ಎಂದು ಅತ್ತೆಯನ್ನೇ ಕೇಳಲಾಯಿತು.

"ಮೈ ಕೆಂಡದಂಗ ಸುಡ್ತಿತ್ರಿ. ತೊಡಿ ಬಾತು ಕಲ್ಲಾಗಿತ್ತು. ಬೆಳತನಕ ಹಾಲು ಹಿಡೀಲಿಲ್ಲ. ಜ್ವರ ಬರ್ತದಂತ ಒಬ್ಬರೂ ಹೇಳಿದ್ದಿಲ್ಲ."

ತಾಯಿ ಆವತ್ತು ಬಾಯಿ ಬಿಡಲಿಲ್ಲ. ಎರಡನೇ ಭೇಟಿಯಲ್ಲಿ ಒಬ್ಬರೇ ಸಿಕ್ಕಾಗ ಉಳಿದದ್ದನ್ನು ಹೇಳಿದರು. ಕೂಸಿಗೆ ಐದು ತಿಂಗಳಿದ್ದಾಗ ಒಂದು ದಿನದ ಕೂಲಿ ಬಿಟ್ಟು ಲಸಿಕೆ ಕೇಂದ್ರಕ್ಕೆ ಹೋಗಿದ್ದರು. ಲಸಿಕೆ ಬರೆದಿಡುವ 'ತಾಯಿ ಕಾರ್ಡ್' ಇಲ್ಲವೆಂದು ಅಲ್ಲಿಂದ ವಾಪಸ್ ಕಳಿಸಿದರು. ಕಾರ್ಡ್ ತವರಲ್ಲಿತ್ತು. ಕೂಲಿ ಹೋಯಿತು, ಮನೆಯಲ್ಲಿ ಬೈಸಿಕೊಂಡದ್ದೂ ಆಯಿತು. ಇಷ್ಟು ತಡವಾದ ಮೇಲೆ ಮೊದಲಿಂದ ಎಲ್ಲ ಸೂಜಿ ಹಾಕುತ್ತಾರೆಂಬ ಹೆದರಿಕೆ ಬೇರೆ.

ಈ ಮನೆಯಲ್ಲಿ ತೀರ್ಮಾನ ಅತ್ತೆಯದು. ತಾಯಿಗೆ ಎಷ್ಟು ತಿಳಿಹೇಳಿದರೂ ಫಲವಿಲ್ಲ. ಮೊದಲು ಅತ್ತೆಗೆ "ನೀವು ಹೆದರಿದ್ದು ಸರಿ, ಹೇಳಬೇಕಾದವರು ಹೇಳಲಿಲ್ಲ" ಎಂದು ಒಪ್ಪಿಕೊಂಡೇ ಮಾತು ಶುರುವಾಯಿತು. ಆರನೇ ವಾರದಲ್ಲಿ ಹಾಕಿದ ಪೆಂಟಾವೇಲೆಂಟ್ ಸೂಜಿಯಲ್ಲಿ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ (ನ್ಯುಮೋನಿಯಾ, ಮೆದುಳುಪೊರೆಯ ಉರಿಯೂತ ತರುವ ಬ್ಯಾಕ್ಟೀರಿಯಾ) ಈ ಐದರ ಲಸಿಕೆ ಇದೆ. ಅದರೊಳಗಿನ ನಾಯಿಕೆಮ್ಮಿನ ಭಾಗದಿಂದ ಜ್ವರ ಬರುವುದು ಸಾಮಾನ್ಯ, ಒಂದೆರಡು ದಿನದಲ್ಲಿ ಇಳಿಯುತ್ತದೆ. ತೊಡೆಯ ಗಂಟು ಕೆಲವು ವಾರ ಉಳಿದರೂ ತಾನಾಗಿಯೇ ಕರಗುತ್ತದೆ. ಅದನ್ನು ತಿಕ್ಕಬಾರದು, ಬಿಸಿ ಶಾಖ ಕೊಡಬಾರದು, ಅರಿಶಿನ ಸುಣ್ಣ ಹಚ್ಚಬಾರದು. ತಣ್ಣೀರಿನ ಬಟ್ಟೆ ಇಟ್ಟರೆ ಸಾಕು.

ಜ್ವರದ ಔಷಧಿಯ ವಿಷಯದಲ್ಲಿ ತುಂಬ ಹೊತ್ತು ಕೂತು ಹೇಳಬೇಕಾಯಿತು, ಯಾಕೆಂದರೆ ಇಲ್ಲಿ ಅಪಾಯದ ತಪ್ಪಾಗುತ್ತದೆ. ಪ್ಯಾರಸಿಟಮಾಲ್ ಸಿರಪ್ 5 ಮಿಲಿಗೆ 125 ಮಿಗ್ರಾಂ ಇದ್ದರೆ ಈ ಕೂಸಿಗೆ 4 ಮಿಲಿ, ಅಂದರೆ 100 ಮಿಗ್ರಾಂ. ಆದರೆ ಹನಿಯ ಪುಟ್ಟ ಬಾಟಲಿಯಲ್ಲಿ 1 ಮಿಲಿಗೇ 100 ಮಿಗ್ರಾಂ ಇರುತ್ತದೆ. ಅದರಿಂದ 4 ಮಿಲಿ ಕೊಟ್ಟರೆ ನಾಲ್ಕು ಪಟ್ಟಾಗುತ್ತದೆ. ಬಾಟಲಿ ತರಿಸಿ, ಅಳತೆ ಮುಚ್ಚಳದಲ್ಲಿ 4ರ ಗೆರೆಗೆ ಪೆನ್ನಿನಿಂದ ಗುರುತು ಹಾಕಿ, ಅತ್ತೆಯ ಕೈಯಲ್ಲೇ ನೀರು ಅಳೆಸಲಾಯಿತು. ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರದಂತೆ, ಜ್ವರ ಬಂದರೆ ಮಾತ್ರ. ಮೂರು ಗಂಟೆ ಮೀರಿದ ಅಳು, ಫಿಟ್ಸ್, ಉಸಿರಾಟದ ತೊಂದರೆ, ಕೂಸು ಜೋಲು ಬೀಳುವುದು ಕಂಡರೆ ತಡಮಾಡದೆ ಆಸ್ಪತ್ರೆ. ಜ್ವರ ಎರಡು ದಿನ ಮೀರಿದರೂ ತೋರಿಸಬೇಕು.

ತವರಿನಿಂದ ಕಾರ್ಡಿನ ಫೋಟೊ ವಾಟ್ಸಾಪ್‌ನಲ್ಲಿ ಬಂತು. ಕಾರ್ಡ್ ಪೂರ್ತಿ ಕಳೆದಿದ್ದರೂ ಲಸಿಕೆ ನಿಲ್ಲಿಸುವ ಹಾಗಿಲ್ಲ. ದಾಖಲೆ ಸಿಗದ ಡೋಸನ್ನು ಆಗಿಲ್ಲವೆಂದೇ ಎಣಿಸಿ ಮುಂದುವರಿಸಬೇಕು. ತಡವಾದ ಮಾತ್ರಕ್ಕೆ ಮೊದಲಿಂದ ಶುರುಮಾಡುವುದೂ ಇಲ್ಲ, ನಿಂತಲ್ಲಿಂದಲೇ ಮುಂದೆ. ಈಗ ಎಡತೊಡೆಗೆ ಪೆಂಟಾ ಎರಡನೆಯದು, ಬಲತೊಡೆಗೆ ನ್ಯುಮೋನಿಯಾ ತಡೆಯುವ ನ್ಯುಮೊಕಾಕಲ್, ಬಲತೋಳಿಗೆ ಪೋಲಿಯೊ ಸೂಜಿ, ಬಾಯಿಗೆ ಪೋಲಿಯೊ ಹನಿ ಮತ್ತು ಭೇದಿ ತಡೆಯುವ ರೋಟಾ ಹನಿ. ಒಂದೇ ದಿನ ಮೂರು ಸೂಜಿ ಎಂದು ಮೊದಲೇ ಹೇಳಿಟ್ಟಿದ್ದರಿಂದ ಅಲ್ಲಿ ಗಾಬರಿಯಾಗಲಿಲ್ಲ. ನಾಲ್ಕು ವಾರದ ಮೇಲೆ ಪೆಂಟಾ ಮೂರನೆಯದು. ಅಷ್ಟರಲ್ಲಿ ಒಂಬತ್ತು ತಿಂಗಳು ತುಂಬುವುದರಿಂದ ದಡಾರ-ರುಬೆಲ್ಲಾ ಕೂಡ ಅವತ್ತೇ ಹಾಕಿಸಬಹುದು. ನ್ಯುಮೊಕಾಕಲ್ ಕೊನೆಯ ಡೋಸಿಗೆ ಎಂಟು ವಾರ ಕಾಯಬೇಕು.

ದಡಾರದ ಬಾಟಲಿಯಲ್ಲಿ ಹಲವು ಡೋಸ್ ಇರುತ್ತವೆ, ತೆರೆದ ನಾಲ್ಕು ಗಂಟೆಗೆ ಬಿಸಾಡಬೇಕು. ಒಂದೇ ಮಗುವೆಂದು "ಮುಂದಿನ ವಾರ ಬನ್ನಿ" ಅನ್ನುವುದುಂಟು. ಒಂದೇ ಮಗು ಬಂದರೂ ತೆರೆಯಬೇಕೆಂಬುದೇ ನಿಯಮ. ಕೂಲಿ ಬಿಟ್ಟು ಬರುವವರಿಗೆ ಆ ಒಂದು ವಾರವೇ ಕೊನೆಯ ವಾರವಾಗಬಹುದು. ಇದನ್ನು ಆಶಾ ಅವರ ಮೂಲಕ ಲಸಿಕೆ ಹಾಕುವ ಸಿಸ್ಟರ್‌ಗೆ ಮುಂಚೆಯೇ ತಿಳಿಸಲಾಯಿತು. ಇನ್ನು ತಾಯಿಯ ಕೂಲಿ ಉಳಿಯಲು, ಗುರುವಾರ ಕೂಸನ್ನು ಲಸಿಕೆಗೆ ಹತ್ತಿರದ ಅಂಗನವಾಡಿಗೆ ಅತ್ತೆಯೇ ಕರೆದೊಯ್ಯುವುದೆಂದು ಗೊತ್ತಾಯಿತು.

ಎರಡನೇ ಡೋಸಿನ ರಾತ್ರಿಯೂ ಜ್ವರ ಬಂತು. ಅತ್ತೆ 4 ಮಿಲಿ ಕೊಟ್ಟರು, ಬೆಳಗ್ಗೆ ಕೂಸು ಹಾಲು ಕುಡಿಯಿತು. ಮೂರನೆಯದಕ್ಕೆ ಜಾತ್ರೆಗೆಂದು ಊರಿಗೆ ಹೋಗಿ ಎರಡು ವಾರ ತಪ್ಪಿತು. ಆದರೆ ಈ ಸಲ ಕಾರ್ಡ್ ಜೊತೆಗಿತ್ತು, ಊರಿನ ಅಂಗನವಾಡಿಯಲ್ಲೇ ದಡಾರದ ಸಮೇತ ಹಾಕಿಸಿಕೊಂಡು ಬಂದರು. ನ್ಯುಮೊಕಾಕಲ್ ಕೊನೆಯ ಡೋಸಿನ ದಿನಾಂಕವನ್ನೂ ಹದಿನಾರು ತಿಂಗಳಿಗೆ ಕೊಡುವ ಬೂಸ್ಟರ್ ದಿನಾಂಕವನ್ನೂ ಶೆಡ್ಡಿನ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದಾರೆ.